ದಾರಿಯಲ್ಲಿ ಸಿಕ್ಕವರ ಸಿನಿಮಾ

ದಾವಣಗೆರೆಯ ನಡುವೆ ಹಾದುಹೋಗುವ ದೊಡ್ಡ ರಸ್ತೆಯನ್ನು ಊರಿನವರು ಇಂದಿಗೂ ಪಿ.ಬಿ. ರಸ್ತೆ ಎಂದೇ ಕರೆಯುತ್ತಾರೆ. ಪೂನಾ–ಬೆಂಗಳೂರು ರಸ್ತೆ. ಹೆದ್ದಾರಿ ಬೈಪಾಸಿಗೆ ಸರಿದು ಎಷ್ಟೋ ಕಾಲವಾಯಿತು, ಅದರ ಸಂಖ್ಯೆ 4 ಹೋಗಿ 48 ಆಯಿತು, ಆದರೂ ಹೆಸರು ಉಳಿದಿದೆ. ಇದೇ ರಸ್ತೆ ಹಿಡಿದು ಸುಮಾರು 14 ಕಿ.ಮೀ. ಹೋದರೆ ಹರಿಹರ, ಅದರಾಚೆ ತುಂಗಭದ್ರೆ. 1956ರ ನವೆಂಬರ್ 1ರವರೆಗೆ ಆ ಹೊಳೆಯೇ ಗಡಿ. ಈಚೆ ಮೈಸೂರು ರಾಜ್ಯ, ಆಚೆ ಮುಂಬೈ ರಾಜ್ಯದ ಧಾರವಾಡ ಜಿಲ್ಲೆ. ಈಗಲೂ ಸೇತುವೆ ದಾಟಿದರೆ ಬಸ್ಸಿನ ಮೈಮೇಲೆ ‘ವಾಯವ್ಯ’ ಎಂದು ಬರೆದಿರುತ್ತದೆ, ಕಂಡಕ್ಟರನ ಮಾತಿನ ರಾಗ ಬದಲಾಗಿರುತ್ತದೆ.

ನಿದ್ದೆಗಣ್ಣಲ್ಲಿ ಕಿಟಕಿಯಿಂದ ನೋಡಿ, ಬೆಣ್ಣೆ ದೋಸೆಯ ಬೋರ್ಡು ಕಂಡರೆ ಅರ್ಧ ದಾರಿ ಮುಗಿಯಿತು ಎಂದುಕೊಳ್ಳುವ ಬೆಂಗಳೂರು–ಹುಬ್ಬಳ್ಳಿ ಪ್ರಯಾಣಿಕರಿಗೆ ಇದು ಹಾದುಹೋಗುವ ಊರು. ಇಲ್ಲಿ ಇರುವವರಿಗೆ ಹಾದುಹೋಗುವವರನ್ನು ನೋಡುವುದೇ ಬದುಕಿನ ಒಂದು ಭಾಗ. ಊರಿನ ಹೆಸರಾಂತ ಗುರುತುಗಳಲ್ಲಿ ಒಂದು ‘ಅಶೋಕ ಟಾಕೀಸ್ ರೈಲ್ವೆ ಗೇಟ್’. ಚಿತ್ರಮಂದಿರದ ಹೆಸರು ರೈಲು ಗೇಟಿಗೆ ಅಂಟಿಕೊಂಡಿದೆ. ಗೇಟು ಬಿತ್ತೆಂದರೆ ಸೈಕಲ್ಲು, ಆಟೋ, ಹತ್ತಿ ಹೇರಿದ ಲಾರಿ ಎಲ್ಲವೂ ನಿಂತು ರೈಲಿನ ಬೋಗಿಗಳನ್ನು ನೋಡಬೇಕಿತ್ತು. ಬೋಗಿಯ ಕಿಟಕಿಯಲ್ಲಿ ಕೂತವರು ನಿಂತವರನ್ನು ನೋಡಬೇಕಿತ್ತು. ಪಯಣದ ಸಿನಿಮಾಗಳ ಬಗ್ಗೆ ಬರೆಯಲು ಕೂತಾಗಲೆಲ್ಲ ಆ ಗೇಟಿನ ಎರಡೂ ಕಡೆಯ ಕಣ್ಣುಗಳು ನನ್ನ ನೆನಪಿಗೆ ಬರುತ್ತವೆ. ಹೋಗುವವರಿಗೆ ಇರುವವರ ಮೇಲೆ, ಇರುವವರಿಗೆ ಹೋಗುವವರ ಮೇಲೆ ಒಂದು ಕುತೂಹಲ ಇದ್ದೇ ಇರುತ್ತದೆ. ಈ ಬಗೆಯ ಸಿನಿಮಾಗಳು ಹುಟ್ಟುವುದೇ ಆ ಕುತೂಹಲದಿಂದ.

ಈ ಸಿನಿಮಾಗಳು ಯಾಕೆ ಇಷ್ಟವಾಗುತ್ತವೆ ಎಂದು ಕೇಳಿದರೆ ಬಹುತೇಕರು ಹೇಳುವುದು, ನೋಡದ ಊರು ನೋಡಬಹುದು ಎಂದು. ಒಂದು ಕಾಲಕ್ಕೆ ಇದು ನಿಜವೇ ಆಗಿತ್ತು. 1978ರಲ್ಲಿ ದ್ವಾರಕೀಶ್ ಅವರು ವಿಷ್ಣುವರ್ಧನ್ ಜೊತೆ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ ಮಾಡಿದಾಗ ವಿಮಾನ ಹತ್ತುವುದು ಈ ಸೀಮೆಯ ಹತ್ತಿ ವ್ಯಾಪಾರಿಗೂ ಗಿರಣಿ ಕಾರ್ಮಿಕನಿಗೂ ಸಮಾನವಾಗಿ ದೂರದ ಮಾತು. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ ಅಮೆರಿಕಾ’ ಕಂಡ ಯಶಸ್ಸಿನಲ್ಲೂ ಆ ಪಾಲು ಇದೆ. ಆದರೆ ಈಗ ಸಿಂಗಾಪುರವೂ ಲಡಾಖೂ ಅಂಗೈಯ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವೆ. ಆದರೂ ಪಯಣದ ಸಿನಿಮಾ ಬಂದರೆ ಜನ ಟಿಕೆಟ್ ಕೊಂಡು ಹೋಗುತ್ತಾರೆ, ಅತ್ತು ಬರುತ್ತಾರೆ. ಅವರನ್ನು ಅಲ್ಲಿಗೆ ಎಳೆಯುವುದು ಊರಲ್ಲ, ಜೊತೆ ಎಂಬುದು ನನ್ನ ನಂಬಿಕೆ.

ನಮ್ಮಲ್ಲಿ ಹೊಸಬರೊಬ್ಬರು ಎದುರಾದರೆ ಮೊದಲು ಬರುವ ಪ್ರಶ್ನೆ “ಯಾವೂರಾಯ್ತು ನಿಮ್ದು?” ಎರಡನೆಯದು “ಯಾರ ಪೈಕಿ?” ಈ ಎರಡಕ್ಕೆ ಉತ್ತರ ಸಿಕ್ಕಿತೆಂದರೆ ಮನುಷ್ಯನನ್ನು ಎಲ್ಲಿ ಕೂರಿಸಬೇಕು, ಎಷ್ಟು ಮಾತಾಡಬೇಕು, ಯಾವ ಲೋಟದಲ್ಲಿ ನೀರು ಕೊಡಬೇಕು ಎಂಬ ಲೆಕ್ಕವೆಲ್ಲ ಮುಗಿದುಹೋಗುತ್ತದೆ. ಊರೆಂದರೆ ಈ ಲೆಕ್ಕ. ಮನೆಯಲ್ಲಿ ಮಗ, ಓಣಿಯಲ್ಲಿ ಇಂಥವರ ಮೊಮ್ಮಗ, ಅಂಗಡಿಯಲ್ಲಿ ಸಾಲಗಾರ. ಅದರಿಂದ ತುಸು ಸಡಿಲಾಗಿ ಉಸಿರಾಡುವ ಜಾಗ ದಾರಿ ಒಂದೇ. ಬಸ್ಸಿನಲ್ಲಿ ಪಕ್ಕ ಕೂತವರ ಹತ್ತಿರ, ಅಣ್ಣತಮ್ಮಂದಿರಿಗೆ ಹೇಳದ ಕಷ್ಟ ಹೇಳಿಕೊಂಡು ರಾಣೆಬೆನ್ನೂರಿನಲ್ಲಿ ಇಳಿದು ಹೋದವರು ಎಷ್ಟು ಜನ! ಪಯಣದ ಸಿನಿಮಾ ಕೊಡುವುದು ಈ ಬಿಡುಗಡೆಯನ್ನು. ಅಲ್ಲಿ ಇಬ್ಬರು ಸಿಗುತ್ತಾರೆ. ಊರಿನಲ್ಲಾಗಿದ್ದರೆ ಅವರು ಎಂದೂ ಒಂದೇ ಎಲೆಯ ಮುಂದೆ ಕೂರುತ್ತಿರಲಿಲ್ಲ.

ಇದಕ್ಕೆ ಕನ್ನಡದಲ್ಲಿ ನನಗೆ ತಿಳಿದ ಅತಿ ಗಟ್ಟಿಯಾದ ಉದಾಹರಣೆ 1970ರ ‘ಸಂಸ್ಕಾರ’. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ, ಅನಂತಮೂರ್ತಿಯವರ ಕಾದಂಬರಿ ಆಧರಿಸಿದ ಈ ಚಿತ್ರವನ್ನು ಎಲ್ಲರೂ ಅಗ್ರಹಾರದ ಸಿನಿಮಾ ಎಂದೇ ನೆನೆಯುತ್ತಾರೆ. ನಾರಣಪ್ಪನ ಹೆಣ, ಸುಡುವವರಿಲ್ಲದ ಸಂಕಟ, ಪ್ಲೇಗಿನ ಇಲಿ, ಮೊದಲು ನಿಷೇಧ, ಆಮೇಲೆ ಕನ್ನಡಕ್ಕೆ ಮೊದಲ ಸ್ವರ್ಣಕಮಲ. ಇವೆಲ್ಲದರ ನಡುವೆ ಚಿತ್ರದ ಕೊನೆಯ ಭಾಗ ಪೂರಾ ಒಂದು ನಡಿಗೆ ಎಂಬುದು ಮರೆತೇಹೋಗುತ್ತದೆ. ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ ಕಾಲು ಒಯ್ದತ್ತ ಹೊರಟುಬಿಡುತ್ತಾನೆ. ದಾರಿಯಲ್ಲಿ ಮಾಲೇರ ಪುಟ್ಟ ಗಂಟುಬೀಳುತ್ತಾನೆ. ಬೇಡವೆಂದರೂ ಬಿಡುವುದಿಲ್ಲ. ಹರಟುತ್ತಾನೆ, ಒಗಟು ಹೇಳುತ್ತಾನೆ, ಮೇಳಿಗೆಯ ಜಾತ್ರೆಗೆ ಕರೆದೊಯ್ಯುತ್ತಾನೆ, ಕೋಳಿ ಅಂಕದ ಮುಂದೆ ನಿಲ್ಲಿಸುತ್ತಾನೆ. ಕಾಶಿಗೆ ಹೋಗಿ ಓದಿ ಬಂದ ವೇದಾಂತ ಶಿರೋಮಣಿಗೆ ಕಾಶಿಯಲ್ಲಿ ಸಿಗದ ಪಾಠ ಆ ಜಾತ್ರೆಯ ಗದ್ದಲದಲ್ಲಿ ಸಿಗುತ್ತದೆ. ಪುಟ್ಟನಿಗೆ ತಾನು ಏನು ಕಲಿಸುತ್ತಿದ್ದೇನೆ ಎಂಬುದೇ ಗೊತ್ತಿಲ್ಲ. ನನ್ನ ಪಾಲಿಗೆ ಕನ್ನಡದ ಮೊದಲ ನಿಜವಾದ ಪಯಣದ ಚಿತ್ರ ಇದು, ಇನ್ನೂ ಅದನ್ನು ಮೀರಿಸಿದ ಇನ್ನೊಂದು ಬಂದಿಲ್ಲ.

ಮೊದಲನೆಯದು ಎಂದರೆ ತಪ್ಪಾದೀತೇನೋ. ದಾರಿಯ ಕಥೆ ನಮಗೆ ಸಿನಿಮಾಕ್ಕಿಂತ ಬಹಳ ಹಳೆಯದು. ರಾಘವಾಂಕನ ಹರಿಶ್ಚಂದ್ರ ರಾಜ್ಯ ಕೊಟ್ಟು ಹೆಂಡತಿ ಮಗನ ಕೈಹಿಡಿದು ಕಾಶಿಗೆ ನಡೆಯುವಾಗ ಬೆನ್ನಿಗೆ ಬಿದ್ದ ನಕ್ಷತ್ರಿಕನಿಗಿಂತ ಕಾಟದ ಸಹಪ್ರಯಾಣಿಕ ಯಾವ ಭಾಷೆಯಲ್ಲಿದ್ದಾನು? ಸಾಲ ವಸೂಲಿಗೆ ಬಂದವನು, ಹೆಜ್ಜೆಹೆಜ್ಜೆಗೂ ಕೆಣಕುವವನು. 1965ರಲ್ಲಿ ಹುಣಸೂರು ಕೃಷ್ಣಮೂರ್ತಿ ಅವರು ರಾಜ್‌ಕುಮಾರ್ ಅವರನ್ನು ಹಾಕಿಕೊಂಡು ಮಾಡಿದ ‘ಸತ್ಯಹರಿಶ್ಚಂದ್ರ’ವನ್ನು 2008ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಆ ಕಥೆಯಲ್ಲಿ ಅರಮನೆ ಬೇಗ ಮುಗಿದುಹೋಗುತ್ತದೆ. ಸತ್ಯದ ಪರೀಕ್ಷೆ ನಡೆಯುವುದು ದಾರಿಯಲ್ಲಿ, ಮುಗಿಯುವುದು ಸುಡುಗಾಡಿನ ಒಡೆಯ ವೀರಬಾಹುವಿನ ಆಳಾಗಿ ಸ್ಮಶಾನ ಕಾಯುವಾಗ.

1992ರ ‘ಜೀವನ ಚೈತ್ರ’ವನ್ನೂ ಇಲ್ಲಿಯೇ ನೆನೆಯಬೇಕು. ಕೆಲವು ವರ್ಷಗಳ ಬಿಡುವಿನ ನಂತರ ಬಂದ ರಾಜ್‌ಕುಮಾರ್ ಚಿತ್ರ ಅದು. ಊರನ್ನು ತಿದ್ದಿದ ಹಿರಿಯನೊಬ್ಬ ಹೆಂಡತಿಯನ್ನು ಕಳೆದುಕೊಂಡು, ನೆನಪನ್ನೂ ಕಳೆದುಕೊಂಡು ಹಿಮಾಲಯದಲ್ಲಿ ಅಲೆಯುತ್ತಾನೆ. ಆ ಅಲೆದಾಟದ ಹಾಡಿಗೆ ರಾಜ್‌ಕುಮಾರ್ ಅವರಿಗೆ ಶ್ರೇಷ್ಠ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಕಾಶಿ, ಬದರಿ ಎಂದರೆ ಕೊನೆಗಾಲಕ್ಕೆ ಎಂದು ಹಣ ಕೂಡಿಡುತ್ತಿದ್ದ ತಲೆಮಾರಿನ ಅಜ್ಜಂದಿರು, ಅಜ್ಜಿಯರು ಈ ಸೀಮೆಯ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಬಂದು ಆ ಹಾಡು ನೋಡಿ ಪರದೆಗೆ ಕೈಮುಗಿದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಸಿನಿಮಾಕ್ಕೆ ಹೋಗುವುದೂ ಒಂದು ಪಯಣ

ಜಗಳೂರು, ಹರಪನಹಳ್ಳಿ, ಚನ್ನಗಿರಿ, ಹೊನ್ನಾಳಿ ಕಡೆಯಿಂದ ದಾವಣಗೆರೆಗೆ ಹತ್ತಿ, ಮೆಕ್ಕೆಜೋಳ ಹಾಕಲು ಬಂದವರು ದುಡ್ಡು ಎಣಿಸಿಕೊಂಡ ಮೇಲೆ ನೋಡುತ್ತಿದ್ದುದು ಅಶೋಕ, ಅರುಣ, ಗೀತಾಂಜಲಿ, ತ್ರಿಶೂಲ್, ವಸಂತದ ಪೋಸ್ಟರುಗಳನ್ನು. ಕೊನೆಯ ಬಸ್ಸು ಹಿಡಿಯಲೇ, ಸೆಕೆಂಡ್ ಶೋ ನೋಡಿ ಬಸ್ ನಿಲ್ದಾಣದಲ್ಲೇ ಮಲಗಲೇ ಎಂಬ ತೀರ್ಮಾನ ಆಗುತ್ತಿದ್ದುದು ಮಿರ್ಚಿ ಮಂಡಕ್ಕಿಯ ಗಾಡಿಯ ಮುಂದೆ. ಅವರ ಪಾಲಿಗೆ ಸಿನಿಮಾ ಎಂದರೇ ಊರು ಬಿಟ್ಟು ಬಂದ ಒಂದು ರಾತ್ರಿ. ಪರದೆಯ ಮೇಲೆ ನಾಯಕ ಊರು ಬಿಟ್ಟಾಗ ಅವರಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ಅದಕ್ಕೂ ಮೊದಲು ಸಿನಿಮಾವೇ ಜನರತ್ತ ಬರುತ್ತಿತ್ತು. ಡೇರೆ, ಪ್ರೊಜೆಕ್ಟರು, ರೀಲಿನ ಡಬ್ಬಿ ಹೇರಿಕೊಂಡು ಟೂರಿಂಗ್ ಟಾಕೀಸುಗಳು ಜಾತ್ರೆಯಿಂದ ಜಾತ್ರೆಗೆ ಹೋಗುತ್ತಿದ್ದವು. ಕನ್ನಡದ ಮೊದಲ ವಾಕ್ಚಿತ್ರವೇ ದೂರದ ಊರಲ್ಲಿ ಹುಟ್ಟಿದ್ದು. 1934ರ ‘ಸತಿ ಸುಲೋಚನ’ದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ, ಇದೇ ಪಿ.ಬಿ. ರಸ್ತೆಯ ಮೇಲಿರುವ ಊರಿನಲ್ಲಿ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಂಥ ನಾಟಕದ ಮಂದಿ ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುವ ಅಭ್ಯಾಸದವರು. ಅವರಿಗೆ ಸ್ಟುಡಿಯೋ ಎಂಬುದು ಇನ್ನೊಂದು ಕ್ಯಾಂಪು.

ಕ್ಯಾಂಪು ಎಂದಾಗ ದಾವಣಗೆರೆಯ ಚಿಂದೋಡಿ ಮನೆತನವನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಮಗಳು ಚಿಂದೋಡಿ ಲೀಲಾ ಬೆಳೆಸಿದರು. ಕಂಪನಿ ಎಂದರೆ ಲಾರಿಗಳ ಮೇಲೆ ಸಾಗುವ ಒಂದು ಊರು. ತಗಡಿನ ಶೀಟು, ಪರದೆಗಳು, ಪೆಟಾರಿ, ಅಡುಗೆಯ ಹಂಡೆ, ಹಾರ್ಮೋನಿಯಂ, ತೊಟ್ಟಿಲ ಕೂಸು. ಒಂದೂರಲ್ಲಿ ನಾಲ್ಕಾರು ತಿಂಗಳು, ಗಳಿಕೆ ಇಳಿದರೆ ಮತ್ತೊಂದೂರು. ಮಕ್ಕಳು ಒಂದು ತರಗತಿಯನ್ನು ಮೂರು ಶಾಲೆಯಲ್ಲಿ ಓದಿ ಮುಗಿಸಿದರೂ ಉಂಟು. ಈ ಮನೆತನದ ಚಿಂದೋಡಿ ಬಂಗಾರೇಶ್ 1995ರಲ್ಲಿ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರ ಮಾಡಿದರು. ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ತಂದ ಈ ಚಿತ್ರವನ್ನು ಸಂಗೀತದ ಸಿನಿಮಾ ಎಂದು ನೋಡುವುದು ರೂಢಿ. ಕಣ್ಣಿಲ್ಲದ ಗವಾಯಿಗಳು ಕಣ್ಣಿಲ್ಲದ ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿ, ಕಾಳುಕಡಿ ಬೇಡಿ, ಹಾಡು ಕಲಿಸಿ, ಕೊನೆಗೆ ಗದಗಿನಲ್ಲಿ ನೆಲೆ ಕಂಡ ಬದುಕು ಅದು. ದಾರಿಯನ್ನು ಕಣ್ಣಿನಿಂದ ನೋಡದೆ ಕಿವಿಯಿಂದ, ಅಂಗಾಲಿನಿಂದ ತಿಳಿದವರ ಕಥೆಯನ್ನು ಹೇಳಲು ತಿರುಗಾಟದ ನಾಟಕ ಕಂಪನಿಯ ಮನೆತನಕ್ಕಿಂತ ಹಕ್ಕುಳ್ಳವರು ಯಾರಿದ್ದರು?

ಜರ್ಮನಿಯ ವಿಮ್ ವೆಂಡರ್ಸ್ 1976ರಲ್ಲಿ ಮಾಡಿದ ‘ಕಿಂಗ್ಸ್ ಆಫ್ ದಿ ರೋಡ್’ ಎಂಬ ಚಿತ್ರ ಹರಿಹರದವರಿಗೆ ನೋಡಸಿಕ್ಕರೆ ಪರಕೀಯ ಅನಿಸಲಾರದು. ಆಗ ಇಬ್ಭಾಗವಾಗಿದ್ದ ಜರ್ಮನಿಯ ಗಡಿಯುದ್ದಕ್ಕೂ ಇದ್ದ ಸಣ್ಣಸಣ್ಣ ಊರುಗಳ ಚಿತ್ರಮಂದಿರಗಳಿಗೆ ಹೋಗಿ ಪ್ರೊಜೆಕ್ಟರ್ ರಿಪೇರಿ ಮಾಡುವವನೊಬ್ಬ, ಹೆಂಡತಿಯಿಂದ ಬೇರಾಗಿ ಬಂದವನೊಬ್ಬ, ಒಂದು ಹಳೇ ಲಾರಿ. ಸಿದ್ಧ ಚಿತ್ರಕಥೆಯಿಲ್ಲದೆ, ದಾರಿಯಲ್ಲಿರುವ ಟಾಕೀಸುಗಳನ್ನೇ ಗೊತ್ತುಮಾಡಿಕೊಂಡು ವೆಂಡರ್ಸ್ ಹೊರಟಿದ್ದರು. ಸುಮಾರು ಮೂರು ಗಂಟೆಯ ಆ ಚಿತ್ರದಲ್ಲಿ ಇಬ್ಬರೂ ಆಡುವ ಮಾತು ಕಡಿಮೆ. ಆದರೆ ಬಾಗಿಲು ಮುಚ್ಚುತ್ತಿರುವ ಸಣ್ಣ ಊರಿನ ಟಾಕೀಸಿನ ಸಂಕಟ ಅದರಲ್ಲಿ ಇರುವಷ್ಟು ಬೇರೆಲ್ಲೂ ನಾನು ಕಂಡಿಲ್ಲ.

ಒಂದೇ ಸೀಟಿನ ಜಗಳ

ಜೊತೆಯ ಮಾತಿಗೆ ಮರಳೋಣ. 1934ರಲ್ಲಿ ಫ್ರಾಂಕ್ ಕಾಪ್ರಾ ಮಾಡಿದ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರದಲ್ಲಿ ಶ್ರೀಮಂತರ ಮಗಳು ಮನೆಬಿಟ್ಟು ರಾತ್ರಿ ಬಸ್ ಹತ್ತುತ್ತಾಳೆ. ಕೆಲಸ ಕಳೆದುಕೊಂಡ ಪತ್ರಕರ್ತನ ಜೊತೆ ಅವಳ ಮೊದಲ ಜಗಳ ಬಸ್ಸಿನ ಸೀಟಿಗಾಗಿ. ಈ ಕಥೆ 1956ರಲ್ಲಿ ರಾಜ್ ಕಪೂರ್–ನರ್ಗಿಸ್ ಜೋಡಿಯ ‘ಚೋರಿ ಚೋರಿ’ ಆಯಿತು, 1991ರಲ್ಲಿ ‘ದಿಲ್ ಹೈ ಕೆ ಮಾನ್ತಾ ನಹೀಂ’ ಆಯಿತು, 2007ರಲ್ಲಿ ಗಣೇಶ್ ಅಭಿನಯದ ‘ಹುಡುಗಾಟ’ವಾಗಿ ಕನ್ನಡಕ್ಕೂ ಬಂತು. ಒಂದೇ ಕಥೆ ಎಪ್ಪತ್ತು ವರ್ಷ ಭಾಷೆಯಿಂದ ಭಾಷೆಗೆ ಓಡಾಡಿಯೂ ಸವೆಯಲಿಲ್ಲ ಎಂದರೆ ಅದರ ಒಳಗೆ ಗಟ್ಟಿ ತಿರುಳು ಇರಲೇಬೇಕು. ಶ್ರೀಮಂತಿಕೆ ಬಡತನ ಎರಡೂ ಬಸ್ಸಿನ ಒಂದೇ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರಲೇಬೇಕಾದ ಸ್ಥಿತಿಯೇ ಆ ತಿರುಳು. ಜೇಕಬ್ ವರ್ಗೀಸ್ ಅವರ ‘ಸವಾರಿ’ ಕೂಡ ಅದೇ ಜಾಡಿನದು. ತೆಲುಗಿನ ‘ಗಮ್ಯಂ’ನಿಂದ 2009ರಲ್ಲಿ ಕನ್ನಡಕ್ಕೆ ಬಂದ ಈ ಚಿತ್ರದಲ್ಲಿ ಹುಡುಗಿಯನ್ನು ಹುಡುಕಿ ಹೊರಟ ಸಿರಿವಂತನಿಗೆ ಜೊತೆಯಾಗುವವನು ಬೈಕ್ ಕಳ್ಳ. ನಾಯಕನಿಗೆ ಹುಡುಗಿ ಸಿಕ್ಕಳೋ ಇಲ್ಲವೋ ಎಂಬುದಕ್ಕಿಂತ ಶ್ರೀನಗರ ಕಿಟ್ಟಿ ಮಾಡಿದ ಆ ಕಳ್ಳನೇ ನೋಡಿದವರ ನೆನಪಲ್ಲಿ ಉಳಿದ.

ಸತ್ಯಜಿತ್ ರಾಯ್ ಅವರ ‘ನಾಯಕ್’ (1966) ಬಹುಪಾಲು ಒಂದು ರೈಲಿನೊಳಗೆ ನಡೆಯುತ್ತದೆ. ಪ್ರಶಸ್ತಿ ಪಡೆಯಲು ದೆಹಲಿಗೆ ಹೊರಟ ತಾರೆ, ಮಹಿಳಾ ಪತ್ರಿಕೆಯ ಸಂಪಾದಕಿ. ಯಾರಿಗೂ ಹೇಳದ್ದನ್ನು ಅವನು ಅವಳಿಗೆ ಹೇಳಿಬಿಡುತ್ತಾನೆ. ಅವಳು ಕೊನೆಗೆ ಬರೆದುಕೊಂಡ ಹಾಳೆಗಳನ್ನು ಹರಿದುಹಾಕುತ್ತಾಳೆ. ಬ್ರೆಜಿಲ್‌ನ ವಾಲ್ಟರ್ ಸಾಲೆಸ್ ಅವರ ‘ಸೆಂಟ್ರಲ್ ಸ್ಟೇಷನ್’ (1998) ಇನ್ನೂ ಹತ್ತಿರದ್ದು. ರೈಲು ನಿಲ್ದಾಣದಲ್ಲಿ ಓದುಬರಹ ಬಾರದವರಿಗೆ ಕಾಗದ ಬರೆದುಕೊಟ್ಟು, ಎಷ್ಟೋ ಕಾಗದಗಳನ್ನು ಅಂಚೆಗೆ ಹಾಕದೆ ಇಟ್ಟುಕೊಳ್ಳುವ ಒರಟು ಹೆಂಗಸು, ತಾಯಿ ಸತ್ತ ಹುಡುಗನನ್ನು ಕರೆದುಕೊಂಡು ಅವನ ಅಪ್ಪನನ್ನು ಹುಡುಕುತ್ತ ಬಸ್ಸು, ಲಾರಿ ಹತ್ತಿ ಹೋಗುತ್ತಾಳೆ. ಪೋರ್ಚುಗೀಸ್ ಒಂದು ಅಕ್ಷರ ತಿಳಿಯದವರಿಗೂ ಆ ಬಸ್ಸಿನೊಳಗಿನ ಜನ ಗೊತ್ತು. ಹರಿಹರದಿಂದ ಉಕ್ಕಡಗಾತ್ರಿಗೆ ಅಮಾವಾಸ್ಯೆಯ ದಿನ ಹೋಗುವ ಬಸ್ಸಿನಲ್ಲಿ ಅವರು ಕೂತಿರುತ್ತಾರೆ, ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು.

ಈ ಹತ್ತು ವರ್ಷಗಳಲ್ಲಿ ಕನ್ನಡದ ಪಯಣದ ಚಿತ್ರ ಎಂದರೆ ‘777 ಚಾರ್ಲಿ’. ಕಾಸರಗೋಡಿನ ಕಿರಣ್‌ರಾಜ್ ಬರೆದು ನಿರ್ದೇಶಿಸಿ 2022ರ ಜೂನ್‌ನಲ್ಲಿ ಬಂದ ಇದಕ್ಕೆ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಮೈಸೂರಿನ ಕಾರ್ಖಾನೆ ಕಾರ್ಮಿಕ ಧರ್ಮ, ಯಾರ ಜೊತೆಗೂ ಸೇರದವನು. ಕಾಯಿಲೆ ಬಿದ್ದ ನಾಯಿಗೆ ಹಿಮ ತೋರಿಸಲು ಸೈಡ್‌ಕಾರ್ ಕಟ್ಟಿದ ಬೈಕಿನಲ್ಲಿ ದೇಶದ ತುದಿಗೆ ಹೊರಡುತ್ತಾನೆ. ಚಿತ್ರ ಕೆಲವೆಡೆ ಉದ್ದವಾಯಿತು, ಅಳಿಸುವ ಹಟ ಜಾಸ್ತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಆದರೂ ಅದು ಗೆದ್ದದ್ದು ಸರಿಯಾದ ಕಾರಣಕ್ಕೆ. “ಯಾರ ಪೈಕಿ?” ಎಂದು ಕೇಳದ ಜೊತೆಗಾರ ಲೋಕದಲ್ಲಿ ನಾಯಿ ಒಂದೇ. ದಾರಿಯುದ್ದಕ್ಕೂ ಧರ್ಮನಿಗೆ ಜನ ಬಾಗಿಲು ತೆರೆಯುವುದು ಅವನನ್ನು ನೋಡಿಯಲ್ಲ, ಪಕ್ಕದಲ್ಲಿ ಕೂತವಳನ್ನು ನೋಡಿ.

ಅದೇ ವರ್ಷ ಅಕ್ಟೋಬರ್ 28ಕ್ಕೆ ಬಂದ ‘ಗಂಧದ ಗುಡಿ’ಯ ಮಾತು ಬೇರೆ. ಪುನೀತ್ ರಾಜ್‌ಕುಮಾರ್ ಅಗಲಿ ಮರುದಿನಕ್ಕೆ ಒಂದು ವರ್ಷ. ಅಮೋಘವರ್ಷ ಅವರ ಜೊತೆ ಕರ್ನಾಟಕದ ಕಾಡು, ಕಡಲು ಸುತ್ತುವ ಪುನೀತ್ ಅಲ್ಲಿ ಯಾವ ಪಾತ್ರವನ್ನೂ ಮಾಡುತ್ತಿಲ್ಲ. ಕಲಿಯುತ್ತಾರೆ, ನಗುತ್ತಾರೆ, ಕಾಡಿನಲ್ಲಿ ಹೆದರುತ್ತಾರೆ. ನೋಡುಗರು ಕೂತದ್ದು ಕಾಡು ನೋಡಲು ಅಲ್ಲ. ಅವರ ಜೊತೆ ಇನ್ನೊಂದಿಷ್ಟು ದೂರ ಹೋಗಿಬರಲು.

ಡ್ರೋನ್ ಕ್ಯಾಮೆರಾ ಬಂದ ಮೇಲೆ ಪಯಣದ ಸಿನಿಮಾ ಎಂದರೆ ಘಾಟಿ, ತಿರುವು, ಬುಲೆಟ್ ಬೈಕು, ಹಿನ್ನೆಲೆಗೆ ಗಿಟಾರು ಎಂದಾಗಿದೆ. ಅಂಥವುಗಳಲ್ಲಿ ನಾಯಕ ಹೋದ ಹಾಗೆಯೇ ಬರುತ್ತಾನೆ. ಡಾಬಾದಲ್ಲಿ ರೊಟ್ಟಿ ತಟ್ಟುವವನ ಹೆಸರನ್ನೂ ಕೇಳುವುದಿಲ್ಲ. ಅಷ್ಟು ಎತ್ತರದಿಂದ ನೋಡಿದರೆ ರಸ್ತೆ ಕಾಣುತ್ತದೆ, ಜನ ಕಾಣುವುದಿಲ್ಲ.

ಆನಗೋಡಿನ ಬಳಿ

ದಾವಣಗೆರೆಯಲ್ಲಿ ನಿಂತು ಸಿನಿಮಾ ಮತ್ತು ರಸ್ತೆಯ ಮಾತಾಡುವಾಗ ಶಂಕರ್‌ನಾಗ್ ಅವರನ್ನು ನೆನೆಯದೆ ಇರಲಾಗದು. 1990ರ ಸೆಪ್ಟೆಂಬರ್ 30ರಂದು ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಉತ್ತರ ಕರ್ನಾಟಕದತ್ತ ಹೊರಟಿದ್ದ ಅವರು ಊರಿನ ಹೊರಗೆ ಇದೇ ಹೆದ್ದಾರಿಯ ಆನಗೋಡಿನ ಬಳಿ ಅಪಘಾತದಲ್ಲಿ ತೀರಿಕೊಂಡರು. ಮೂವತ್ತಾರು ತುಂಬಿರಲಿಲ್ಲ. ಜೊತೆಯಲ್ಲಿದ್ದ ಅರುಂಧತಿ ನಾಗ್ ತೀವ್ರವಾಗಿ ಗಾಯಗೊಂಡು ಬದುಕುಳಿದರು.

ಅವರು ನಿರ್ದೇಶಿಸಿದ ಮೊದಲ ಚಿತ್ರವೇ ಓಟದ ಕಥೆ: 1980ರ ‘ಮಿಂಚಿನ ಓಟ’. ಕಾರು ಕದಿಯುವವರು, ಜೈಲಿನಿಂದ ತಪ್ಪಿಸಿಕೊಳ್ಳುವವರು. ಶಂಕರ್, ಅನಂತ್, ಲೋಕನಾಥ್ ಮೂವರೂ ಬೆನ್ನಟ್ಟುವವರ ಮುಂದೆ ಓಡುವಾಗ ನೋಡುಗ ಅವರ ಕಡೆಗೇ ಇರುತ್ತಾನೆ. ‘ಆಟೋ ರಾಜ’ನೂ ಅದೇ ವರ್ಷದ್ದು, ಅಲ್ಲಿಂದ ಮುಂದೆ ಕರ್ನಾಟಕದ ಆಟೋ ಚಾಲಕರು ಅವರನ್ನು ತಮ್ಮವನೆಂದು ಎತ್ತಿಕೊಂಡವರು ಇಂದಿಗೂ ಇಳಿಸಿಲ್ಲ. ಆಟೋಗಳ ಹಿಂದೆ ಅವರ ಚಿತ್ರ, ನಿಲ್ದಾಣಗಳಿಗೆ ಅವರ ಹೆಸರು. ಅವರು ಹೋದ ಮೇಲೆ ಹುಟ್ಟಿದ ಹುಡುಗರೂ ಆ ಚಿತ್ರ ಅಂಟಿಸಿಕೊಂಡು ಗಾಡಿ ಓಡಿಸುತ್ತಾರೆ. ಬೆಂಗಳೂರಿಗೆ ಮೆಟ್ರೊ ರೈಲು, ನಂದಿಬೆಟ್ಟಕ್ಕೆ ರೋಪ್‌ವೇ ಬೇಕೆಂದು ಎಂಬತ್ತರ ದಶಕದಲ್ಲೇ ಓಡಾಡಿದ ಮನುಷ್ಯ ಅವರು. ಸದಾ ಎಲ್ಲಿಗೋ ಹೊರಟೇ ಇದ್ದವರು. ಅವರು ಬದುಕಿದ್ದಿದ್ದರೆ ಈ ರಸ್ತೆಯ ಮೇಲೇ ಒಂದು ಸಿನಿಮಾ ಮಾಡುತ್ತಿದ್ದರು ಎಂದು ನನಗೆ ಬಲವಾಗಿ ಅನಿಸುತ್ತದೆ.

ಅದು ಇನ್ನೂ ಬಂದಿಲ್ಲ, ಆ ಕೊರಗು ನನಗಿದೆ. ಕನ್ನಡದ ಪಯಣದ ಚಿತ್ರ ಮಲೆನಾಡಿನ ಮಳೆಗೆ ಹೋಗುತ್ತದೆ, ಇಲ್ಲವೇ ಒಮ್ಮೆಲೇ ಹಿಮಾಲಯಕ್ಕೆ ಹಾರುತ್ತದೆ. ನಡುವಿನ ಈ ಬಯಲು, ಮೆಕ್ಕೆಜೋಳದ ಹೊಲ, ಗಾಳಿಯಂತ್ರ ತಿರುಗುವ ಗುಡ್ಡ, ಲಾರಿ ಸಾಲು ನಿಂತ ಡಾಬಾ ಯಾರ ಕಣ್ಣಿಗೂ ಬಿದ್ದಿಲ್ಲ. ಕಥೆಗಳಿಗೇನು ಬರವೇ? ಮಳೆ ಕೈಕೊಟ್ಟ ವರ್ಷ ಹರಪನಹಳ್ಳಿ, ಜಗಳೂರು ಕಡೆಯಿಂದ ಮೂಟೆ ಕಟ್ಟಿಕೊಂಡು ಕಾಫಿ ಸೀಮೆಗೆ, ಬೆಂಗಳೂರಿಗೆ ಕೂಲಿಗೆ ಹೋಗುವ ಕುಟುಂಬಗಳಿವೆ. ಕುರಿ ಹಿಂಡು, ಕುದುರೆ, ಬಲೆ, ಮರಿಗಳ ಬುಟ್ಟಿ ಸಮೇತ ಹೊಲದಿಂದ ಹೊಲಕ್ಕೆ ಸಾಗುವ ಕುರಿಗಾಹಿಗಳಿದ್ದಾರೆ. ಮೈಲಾರದ ಜಾತ್ರೆಗೆ ಸಾಲುಗಟ್ಟಿ ಹೋಗುವ ಎತ್ತಿನ ಬಂಡಿಗಳಿವೆ.

ಎಲ್ಲಕ್ಕಿಂತ ಮೊದಲು ಕೊಟ್ಟೂರಿನ ನಡಿಗೆ. ಪ್ರತಿ ವರ್ಷ ಗುರುಬಸವೇಶ್ವರರ ತೇರಿಗೆಂದು ದಾವಣಗೆರೆಯಿಂದ, ಸುತ್ತಲ ಹಳ್ಳಿಗಳಿಂದ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಗಿರಣಿ ಅಂಗಡಿಯ ಸಾಹುಕಾರ, ಅವನ ಅಂಗಡಿಯ ಹಮಾಲ, ಪರೀಕ್ಷೆಗೆ ಓದಬೇಕಾದ ಹುಡುಗಿ, ಮಂಡಿ ನೋವಿನ ಅಜ್ಜಿ. ಚಪ್ಪಲಿ ಬಿಟ್ಟು ನಡೆಯುವವರಿಗೆ ಟಾರು ರಸ್ತೆ ಒಂದೇ ರೀತಿ ಸುಡುತ್ತದೆ. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಅನ್ನ ಸಾರು ಹಿಡಿದು ನಿಂತವರು “ತಗೊಳ್ರಿ ಅಕ್ಕಾರ, ಕುಂದ್ರಿ ಅಣ್ಣಾರ” ಎನ್ನುತ್ತಾರೆಯೇ ವಿನಾ ಯಾರ ಪೈಕಿ ಎಂದು ಕೇಳುವುದಿಲ್ಲ. ರಾತ್ರಿ ಯಾವುದೋ ಊರ ಶಾಲೆಯ ಜಗುಲಿಯಲ್ಲಿ ಸಾಲಾಗಿ ಮಲಗಿ, ಗುರುತಿಲ್ಲದವರ ಕಾಲಿನ ಬೊಕ್ಕೆಗೆ ಗುರುತಿಲ್ಲದವರು ಎಣ್ಣೆ ಹಚ್ಚುತ್ತಾರೆ. ತೇರು ಮುಗಿಸಿ ಬಸ್ಸು ಹಿಡಿದು ಮನೆಗೆ ಬಂದ ಮರುದಿನ ಸಾಹುಕಾರ ಗಲ್ಲಾಪೆಟ್ಟಿಗೆಯ ಮುಂದೆ, ಹಮಾಲ ಮೂಟೆಯ ಕೆಳಗೆ. ಆ ಬೆಳಿಗ್ಗೆ ಅವರಿಬ್ಬರ ಕಣ್ಣು ಕಲೆತಾಗ ಏನಾಗುತ್ತದೆ ಎಂಬುದನ್ನು ತೋರಿಸುವ ಸಿನಿಮಾ ಬರಲಿ. ಮೊದಲ ದಿನದ ಮೊದಲ ಆಟಕ್ಕೇ ಪಿ.ಬಿ. ರಸ್ತೆಯ ಟಾಕೀಸಿನಲ್ಲಿ ಟಿಕೆಟಿಗೆ ನಿಲ್ಲಲು ನಾನು ತಯಾರಿದ್ದೇನೆ.